ಕಾರಣದ ಜಾಗದಲ್ಲೊಂದು ಚುಕ್ಕಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಫ್ಯಾಕ್ಟರಿಯಲ್ಲೂ ಹೇಳುತ್ತಾರೆ. ಹೇಳಿಕೊಳ್ಳಲಿ. ಆ ದಿನ ಮಾತ್ರ ಆ ಕೋಪವೆಲ್ಲ ನನ್ನ ಮೇಲೇ ತಿರುಗಿತ್ತು.

ಮೈಸೂರಿನ ಅಂಚಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಫ್ಯಾಕ್ಟರಿ ನಮ್ಮದು. ಯಾರಿಗೆ ಯಾವ ಶಿಫ್ಟ್ ಎಂದು ಕಂಪ್ಯೂಟರಿನಲ್ಲಿ ಪ್ಲಾನ್ ಹಾಕುವುದು ನನ್ನ ಕೆಲಸ. ಪ್ರತಿ ಪ್ಲಾನಿಗೂ, ಅದಕ್ಕೆ ಸೇರಿಸುವ ಪ್ರತಿ ಕಾಗದಕ್ಕೂ ಒಂದು ಲೇಬಲ್ ಇರಲೇಬೇಕು: 'ಎಲ್ಲರಿಗೂ' ಅಥವಾ 'ಗೋಪ್ಯ'. ಎಲ್ಲರೂ ನೋಡುವ ಪ್ಲಾನಿಗೆ ಗೋಪ್ಯ ಕಾಗದ ಸೇರಿಸಲು ಹೋದರೆ ಸಾಫ್ಟ್‌ವೇರ್ ಅಲ್ಲೇ ತಡೆದು ಕೇಳುತ್ತದೆ: ಪ್ಲಾನನ್ನೂ ಗೋಪ್ಯ ಮಾಡಲೋ, ಕಾಗದದ ಲೇಬಲ್ಲನ್ನು 'ಎಲ್ಲರಿಗೂ' ಎಂದು ಇಳಿಸಲೋ? ಇಳಿಸುವುದಾದರೆ ಕಾರಣ ಬರೆಯಬೇಕು. ನಮ್ಮಲ್ಲಿ ಕಾರಣ ಬರೆದವರನ್ನು ನಾನಂತೂ ಕಂಡಿಲ್ಲ. ಆ ಜಾಗದಲ್ಲಿ ಒಂದು ಚುಕ್ಕಿ ಒತ್ತಿ ಮುಂದಕ್ಕೆ ಹೋಗುವುದೇ ರೂಢಿ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಅದನ್ನು ಕಲಿಸುತ್ತೇವೆ. ನಾನೇ ಎಷ್ಟು ಜನಕ್ಕೆ ಕಲಿಸಿದ್ದೇನೋ!

ಕ್ವಾಲಿಟಿ ಸೆಕ್ಷನ್ನಿನಲ್ಲಿ ಒಬ್ಬರು ಅಕ್ಕ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಮಂಡಿ ಮೊಹಲ್ಲಾದಿಂದ ಬರುತ್ತಿದ್ದರು. ಎದೆಯ ಗಡ್ಡೆಗೆ ಆಪರೇಷನ್ ಆಗಿ ಆಗಷ್ಟೇ ಕೆಲಸಕ್ಕೆ ಮರಳಿದ್ದರು. ನೈಟ್ ಶಿಫ್ಟ್ ಬೇಡವೆಂದು ಡಾಕ್ಟರು ಬರೆದುಕೊಟ್ಟ ಪತ್ರವನ್ನು ನನ್ನ ಕೈಗಿಟ್ಟು, "ಯಾರ್ಗೂ ಗೊತ್ತಾಗ್ಬಾರ್ದು ಕಣಮ್ಮ. ಬರೀ ಗಂಡಸ್ರಿರೋ ಜಾಗ. ಗೊತ್ತಾದ್ರೆ ನಾಳೆಯಿಂದ ಒಬ್ರೂ ನನ್ ಹತ್ರ ಮೊದಲಿನಂಗೆ ಮಾತಾಡಲ್ಲ," ಎಂದರು. ಆಯ್ತು ಅಕ್ಕ ಎಂದು ಮಾತು ಕೊಟ್ಟೆ.

ಮಾತು ಕೊಟ್ಟವಳು ಮಾಡಿದ್ದೇನು? ಮರುದಿನ ಬೆಳಿಗ್ಗೆ ಅವರ ಹೆಸರಿನ ಮುಂದೆ 'ಹಗಲು ಮಾತ್ರ' ಎಂದು ಹಾಕಿ, ಪುರಾವೆಗಿರಲಿ ಎಂದು ಪತ್ರವನ್ನೂ ಶಿಫ್ಟ್ ಪ್ಲಾನಿಗೇ ಸೇರಿಸಲು ಹೋದೆ. ಲೇಬಲ್‌ಗಳು ತಾಳೆಯಾಗದೆ ಸಾಫ್ಟ್‌ವೇರ್ ತಡೆಯಿತು. ಪ್ಲಾನನ್ನು ಗೋಪ್ಯ ಮಾಡಿದರೆ ಕಾರ್ಮಿಕರ ಮೊಬೈಲಿನಲ್ಲಿ ಅದು ತೆರೆಯುವುದೇ ಇಲ್ಲ. ಮ್ಯಾನೇಜರ್ ಪಕ್ಕದಲ್ಲೇ ನಿಂತು, "ಬೇಗ ಬುಡಿ ಮೇಡಂ, ಎಲ್ಲ ಕಾಯ್ತಾವ್ರೆ," ಎಂದು ಜೀವ ತಿನ್ನುತ್ತಿದ್ದರು. ಲೇಬಲ್ ಇಳಿಸಿ ಚುಕ್ಕಿ ಒತ್ತಿಬಿಟ್ಟೆ.

ಊಟದ ಹೊತ್ತಿಗೆ ಪ್ಲಾನನ್ನು ಮತ್ತೆ ತೆರೆದಾಗ ಪತ್ರ ಕಣ್ಣಿಗೆ ಬಿತ್ತು. ಅಯ್ಯೋ ದೇವರೇ! ಪತ್ರವನ್ನು ಅಲ್ಲಿಂದ ತೆಗೆದು, ಅದಕ್ಕೆಂದೇ ಬೇರೊಂದು ಗೋಪ್ಯ ಪ್ಲಾನ್ ಮಾಡಿ ಅದರಲ್ಲಿಟ್ಟೆ. ಶಿಫ್ಟ್ ಪ್ಲಾನಿನಲ್ಲಿ 'ಹಗಲು ಮಾತ್ರ' ಅಷ್ಟೇ ಉಳಿಯಿತು. ಐದು ನಿಮಿಷದ ಕೆಲಸ, ಬೆಳಿಗ್ಗೆಯೇ ಮಾಡಬಹುದಿತ್ತು. ಆಮೇಲೆ ಪತ್ರವನ್ನು ಯಾರು ಯಾರು ತೆರೆದಿದ್ದಾರೆಂದು ನೋಡಿದೆ. ನನ್ನನ್ನು ಬಿಟ್ಟರೆ ಒಂದೇ ಸಲ ಯಾರೋ ಅದನ್ನು ತೆರೆದಿದ್ದರು, ಕ್ವಾಲಿಟಿ ಸೆಕ್ಷನ್ನಿನವರೆಲ್ಲ ಬಳಸುವ ಟ್ಯಾಬಿನಿಂದ. ಯಾರೆಂದು ಗೊತ್ತಾಗುವಂತಿರಲಿಲ್ಲ. ಪತ್ರದಲ್ಲೇನಿದೆ ಎಂದು ಬಾಯಿಬಿಡದೆ, ಆದದ್ದನ್ನಷ್ಟೇ ಮ್ಯಾನೇಜರಿಗೆ ಹೇಳಿದೆ.

"ಒಂದೇ ಸಲ ತಾನೇ ಮೇಡಂ? ಸುಮ್ನೆ ಬುಟ್ಬುಡಿ. ನೀವೇ ಹೋಗಿ ಹೇಳಿ ರಂಪ ಮಾಡ್ಕೋಬೇಡಿ," ಎಂದರು ಮ್ಯಾನೇಜರ್.

"ತಿಪ್ಪೆ ಸಾರ್ಸೋದು ನನ್ ಕೈಲಾಗಲ್ಲ ಸರ್. ಅವ್ರಿಗೆ ನಾನೇ ಹೇಳ್ತೀನಿ. ಇನ್ಮೇಲೆ ಕಾರಣ ಬರೀದೆ ಇಲ್ಲಿ ಯಾರೂ ಲೇಬಲ್ ಇಳಿಸೋ ಹಂಗಿಲ್ಲ. ನಾನೂ ಅಷ್ಟೆ, ನೀವೂ ಅಷ್ಟೆ."

ಅವರು ಮುಖ ಗಂಟಿಕ್ಕಿಕೊಂಡರು. ಎಷ್ಟು ಬೇಕಾದರೂ ಇಕ್ಕಿಕೊಳ್ಳಲಿ ಎಂದುಕೊಂಡು ಹೊರಟೆ.

ಅಕ್ಕ ಕ್ಯಾಂಟೀನಿನಲ್ಲಿ ಇರಲಿಲ್ಲ. ಸೆಕ್ಷನ್ನಿನಲ್ಲಿ ಒಬ್ಬರೇ ಕೂತಿದ್ದರು, ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. ಎದುರಿಗೆ ನಿಂತು ಎಲ್ಲವನ್ನೂ ಹೇಳಿದೆ. ಯಾರೋ ಟ್ಯಾಬಿನಲ್ಲಿ ಪತ್ರ ತೆರೆದಿದ್ದಾರೆ, ಯಾರೆಂದು ಗೊತ್ತಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಅದು ನಾನೇ ಕಣಮ್ಮ," ಎಂದರು. "ಶಿಫ್ಟ್ ನೋಡೋಣ ಅಂತ ತೆಗೆದ್ರೆ ನನ್ ಪತ್ರಾನೇ ಬಂತು. ಇಷ್ಟೊತ್ತಿಗೆ ಎಲ್ರೂ ಓದಿರ್ತಾರೆ, ಕ್ಯಾಂಟೀನಿಗೆ ಎಂಗೆ ಹೋಗೋದು ಅಂತ ಇಲ್ಲೇ ಕೂತ್ಬುಟ್ಟೆ."

"ಬೇರೆ ಒಬ್ರೂ ಓದಿಲ್ಲ ಅಕ್ಕ. ನನ್ನಾಣೆಗೂ ಇಲ್ಲ."

ಅವರು ಕಣ್ಣೊರೆಸಿಕೊಂಡು ಎದ್ದು, ಡಬ್ಬಿಯನ್ನು ಕೈಗೆತ್ತಿಕೊಂಡರು. "ನೀನು ಬೇಕಂತ ಮಾಡಿಲ್ಲ, ನಂಗೊತ್ತು. ಆದ್ರೆ ಇನ್ಮೇಲೆ ನನ್ ಕಾಗದ ಯಾವ್ದೂ ನಿನ್ ಕೈಗೆ ಕೊಡಲ್ಲ."

ಅಷ್ಟು ಹೇಳಿ ಕ್ಯಾಂಟೀನಿನ ಕಡೆ ನಡೆದರು. ನಾನೂ ಹಿಂದೆಯೇ ಹೋಗಿ ಅವರ ಎದುರಿಗೇ ಕೂತೆ. ಅವರು ಡಬ್ಬಿ ತೆರೆದು, ನನ್ನ ಕಡೆ ನೋಡದೆ ಊಟ ಮಾಡತೊಡಗಿದರು. ಅವರ ಊಟ ಮುಗಿಯುವವರೆಗೂ ನಾನು ಏಳಲಿಲ್ಲ.