ಕಿಲಾರಿಯ ಚಿಮಟ

ರೊಪ್ಪದ ಬಾಯಲ್ಲಿ ಆ ಬೆಳಗ್ಗೆ ನಾವು ಮೂವರಿದ್ದೆವು: ದೇವರ ದನ ಕಾಯುವ ಕಿಲಾರಿ ಪಾಲಯ್ಯ, ಸರ್ಕಾರದ ಫೆಲೋಶಿಪ್ಪಿನ ಮೇಲೆ ನಮ್ಮ ಪಶು ಆಸ್ಪತ್ರೆಗೆ ಬಂದಿದ್ದ ಸಹನಾ, ಮತ್ತು ಅದೇ ಆಸ್ಪತ್ರೆಯಲ್ಲಿ ದನಗಳಿಗೆ ಲಸಿಕೆ ಹಾಕುವ ಪರೀಕ್ಷಕನಾಗಿ ನಿವೃತ್ತಿಯ ಅಂಚಿಗೆ ಬಂದು ನಿಂತಿದ್ದ ನಾನು. ನಾಲ್ಕನೆಯದಾಗಿ ಅಲ್ಲಿದ್ದ ಚಪ್ಪಡಿಕಲ್ಲನ್ನೂ ಸೇರಿಸಿಕೊಳ್ಳಬೇಕು. ಮುಳ್ಳುಬೇಲಿ ಸುತ್ತಿದ ಆ ದೊಡ್ಡಿಯೊಳಕ್ಕೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಎಷ್ಟು ತಲೆಮಾರಿನ ಚಪ್ಪಲಿಗಳು ತಮ್ಮ ಒಡೆಯರಿಗಾಗಿ ಅದರ ಮೇಲೆ ಕಾದು ಕುಳಿತಿದ್ದವೋ ಏನೋ, ಕಲ್ಲು ನಡುವೆ ಸವೆದು ಊಟದ ತಟ್ಟೆಯಂತಾಗಿತ್ತು. ಸಹನಾ ತನ್ನ ಬಿಳಿ ಶೂಗಳ ಲಾಡಿ ಬಿಚ್ಚಿ, ಅವನ್ನು ಆ ತಟ್ಟೆಯಲ್ಲಿ ಜೋಡಿಸಿಟ್ಟು, ಒಳಗೆ ನಡೆದಳು. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಜಾಲಿಮುಳ್ಳು ಹಿಮ್ಮಡಿ ಹೊಕ್ಕಿತು.

ಪಾಲಯ್ಯ ಅಲ್ಲೇ ಕುಕ್ಕರಿಸಿ, ಬೇಡ ಬೇಡ ಅನ್ನುವುದರೊಳಗೆ ಆಕೆಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಉಡಿದಾರಕ್ಕೆ ಕಟ್ಟಿದ್ದ, ಬೆರಳುದ್ದದ ಕಬ್ಬಿಣದ ಚಿಮಟವೊಂದನ್ನು ಬಿಚ್ಚಿದ.

"ಅಳ್ತೀಯೇನವ್ವಾ?"

"ಇಲ್ಲ ಅಜ್ಜ."

"ಹಂಗಾರೆ ನಗು. ನಕ್ರೆ ಕಾಲು ಸಡ್ಲಾಗ್ತೈತೆ."

ಆಕೆ ನಕ್ಕಳು, ಮುಳ್ಳು ಬಂತು. ನಾನಾದರೋ ಬೂಟು ಹಾಕಿಕೊಂಡು ಹೊರಗೇ ನಿಂತಿದ್ದೆ. ಮೂವತ್ತು ವರ್ಷ ಆ ರೊಪ್ಪಕ್ಕೆ ಹೋಗಿಬಂದವನು ನಾನು. ದನಗಳನ್ನು ಒಂದೊಂದಾಗಿ ಬಾಗಿಲಿಗೆ ಹೊಡೆಸಿಕೊಂಡು, ಸೂಜಿ ಚುಚ್ಚಿ, ಕೈ ತೊಳೆದು ಬಂದವನು. ಲಾಡಿ ಬಿಚ್ಚಲೂ ಒಲ್ಲದ ಸೋಮಾರಿತನಕ್ಕೆ ನಾನಿಟ್ಟುಕೊಂಡಿದ್ದ ಹೆಸರು ಅನುಭವ.

ಫೆಲೋಶಿಪ್ ಎಂದರೆ ಏನೆಂದು ನಿಮಗೆ ಗೊತ್ತಿರಬಹುದು, ನಮಗೆ ಗೊತ್ತಿರಲಿಲ್ಲ. ಖಾಸಗಿ ಕಂಪನಿಗಳಲ್ಲಿ ಕಂಪ್ಯೂಟರಿನ ವಿದ್ಯೆಯಲ್ಲಿ ಪಳಗಿದವರನ್ನು ಸರ್ಕಾರ ಒಂದು ವರ್ಷದ ಮಟ್ಟಿಗೆ ಕರೆದು, ನಿಮ್ಮ ವಿದ್ಯೆ ನಮ್ಮ ಕೆಲಸಕ್ಕೂ ಒದಗಲಿ ಎಂದು ಕಚೇರಿಗಳಲ್ಲಿ ಕೂರಿಸುತ್ತದಂತೆ. ಹುದ್ದೆಯಿಲ್ಲ, ಅಧಿಕಾರವಿಲ್ಲ, ವರ್ಷ ಮುಗಿದರೆ ಬಂದ ದಾರಿ ಹಿಡಿಯಬೇಕು. ಆದೇಶ ಓದಿದ ನಮ್ಮ ಗುಮಾಸ್ತರು, "ಬರ್ತಾರೆ ಬಿಡ್ರಿ, ಗೋಡೆಗೊಂದು ಬಣ್ಣದ ಚಾರ್ಟು ಅಂಟಿಸ್ತಾರೆ, ಫೋಟೋ ತಗೊಂಡು ಹೋಗ್ತಾರೆ" ಅಂದಿದ್ದರು. ಮೈಸೂರಿನ ಸಹನಾ ಬಂದಾಗ ಮೊದಲು ಎದ್ದ ಪ್ರಶ್ನೆ ಕುರ್ಚಿಯದು. ಹುದ್ದೆ ಇಲ್ಲದ ಮೇಲೆ ಕುರ್ಚಿ ಎಲ್ಲಿಂದ ಬರಬೇಕು? ನನ್ನ ಕುರ್ಚಿಯಂತೂ ನನ್ನದು. ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ನನ್ನ ಹೆಸರನ್ನೇ ಬರೆಸಿದ್ದೆ. ಆಕೆ ಬೇಸರಿಸಲಿಲ್ಲ. ಲಸಿಕೆ ಇಡುವ ಐಸ್ ಪೆಟ್ಟಿಗೆಯ ಮೇಲೆ ಒಂದು ಗೋಣಿ ಮಡಿಸಿ ಹಾಕಿಕೊಂಡು ಕೂತಳು. ಯಾರಿಗಾದರೂ ಲಸಿಕೆ ಬೇಕಾದಾಗ ಎದ್ದು ನಿಲ್ಲುವಳು, ಮುಚ್ಚಳ ಮುಚ್ಚಿದ ಮೇಲೆ ಮತ್ತೆ ಕೂರುವಳು. ಹಾಗೆ ಕೂತು ನಿಂತು ಆಕೆ ಕೇಳುತ್ತಿದ್ದ ಪ್ರಶ್ನೆಗಳೋ, ದೇವರೇ! ಇದನ್ನು ಯಾಕೆ ಎರಡು ಪುಸ್ತಕದಲ್ಲಿ ಬರೀತೀರಿ ಸರ್, ಈ ಸಹಿ ಯಾರಿಗೆ ಬೇಕು, ಆ ಅಜ್ಜಿ ಯಾಕೆ ಮೂರನೇ ಸಲ ಬಂದರು? ಮೂವತ್ತು ವರ್ಷದಲ್ಲಿ ನಾವು ಹಲವಾರು ಉತ್ತರಗಳನ್ನು ಕಲಿತಿದ್ದೆವು. 'ಯಾಕೆ' ಎನ್ನುವುದನ್ನು ಮಾತ್ರ ಎಲ್ಲೋ ಮರೆತುಬಂದಿದ್ದೆವು.

ಆಕೆಯ ಕೆಲಸ, ನಮ್ಮ ತಾಲ್ಲೂಕುಗಳ ಜಾನುವಾರುಗಳನ್ನೂ ಅವುಗಳ ಲಸಿಕೆಯನ್ನೂ ಮೊಬೈಲಿನಲ್ಲೇ ದಾಖಲಿಸುವ ಒಂದು ಫಾರಂ ಕಟ್ಟಿಕೊಡುವುದು. ಅದನ್ನು ಪರೀಕ್ಷಿಸಲೆಂದೇ ಆ ಬೆಳಗ್ಗೆ ರೊಪ್ಪಕ್ಕೆ ಬಂದದ್ದು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಬುಡಕಟ್ಟಿನವರು ತಮ್ಮ ದೇವರಿಗೆಂದು ಬಿಟ್ಟ ದನಗಳ ಮಂದೆಗಳಿವೆ. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಅವನ್ನು ಮಾರುವುದಿಲ್ಲ. ಸತ್ತರೆ ಮನೆಯವರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಅವನ್ನು ಮೇಯಿಸಿಕೊಂಡು ಅವುಗಳ ಜೊತೆಯಲ್ಲೇ ಬಾಳುವವನು ಕಿಲಾರಿ. ಕಿಲಾರಿತನದ ಗುರುತಾಗಿ ಪಾಲಯ್ಯನ ಕೈಯಲ್ಲಿದ್ದ ಕೋಲು ಅವನಪ್ಪನಿಂದ ಬಂದದ್ದು.

ಕಾಲೊರೆಸಿಕೊಂಡು ಸಹನಾ ಮೊಬೈಲು ತೆರೆದಳು.

"ಅಜ್ಜ, ಮಾಲೀಕರ ಹೆಸರು?"

"ಸ್ವಾಮಿ."

"ಪೂರ್ತಿ ಹೆಸರು?"

"ಸ್ವಾಮಿಗೆ ಅರ್ಧ ಹೆಸರು ಬೇರೆ ಇರ್ತೈತೇನವ್ವಾ?"

"ಫೋನ್ ನಂಬರ್ ಕೇಳ್ತಿದೆ ಇದು."

"ಸ್ವಾಮಿಗೆ ಫೋನ್ ಯಾಕೆ? ಕೂಗಿದ್ರೆ ಕೇಳ್ತೈತೆ. ಒಂದೊಂದ್ಸಲ ತಡ ಆಗ್ತೈತೆ, ಅಷ್ಟೇ."

"ನಮ್ಮ ಮೇಲಿನ ಆಫೀಸೂ ಹಾಗೇ ಅಜ್ಜ," ಎಂದು ಆಕೆ ನಕ್ಕಳು. ಆದರೆ ಫಾರಂ ನಗಲಿಲ್ಲ. ಮಾಲೀಕರ ಹೆಸರಿನ ಪಕ್ಕದಲ್ಲಿ ಕೆಂಪು ಚುಕ್ಕಿಯೊಂದು ಕೂತಿತ್ತು. ಅಲ್ಲಿ ಒಬ್ಬ ಮನುಷ್ಯನ ಹೆಸರೂ ನಂಬರೂ ಬೀಳದ ಹೊರತು ಅದು ಮುಂದಕ್ಕೆ ಹೋಗದು. "ನಿಮ್ಮ ಹೆಸರೇ ಹಾಕಲಾ?" ಎಂದು ಕೇಳಿದಳು. ಕರುವಿನ ಬೆನ್ನು ಸವರುತ್ತಿದ್ದ ಪಾಲಯ್ಯನ ಕೈ ನಿಂತಿತು. "ಬ್ಯಾಡ ತಾಯಿ. ನಮ್ಮಪ್ಪ ಸಾಯೋಗಂಟ ಇವನ್ನ ಕಾದ. ಒಂದಿನಾನೂ ನನ್ವು ಅಂದಿಲ್ಲ." ಸಹನಾ ಮೊಬೈಲು ಮುಚ್ಚಿ, ಮೇಲೆ ಕೇಳಿ ಸರಿ ಮಾಡಿಸುತ್ತೇನೆ ಅಜ್ಜ, ಎಂದು ಮಾತು ಕೊಟ್ಟು ಬೆಂಗಳೂರಿನ ಸಭೆಗೆ ಹೋದಳು.

ಇಲ್ಲಿಂದ ಮುಂದಿನದು ನನ್ನ ಕಥೆ, ಹೇಳಲು ನಾಚಿಕೆಯಾದರೂ ಹೇಳಬೇಕು. ಪಕ್ಕದ ಹಳ್ಳಿಗಳಿಗೆ ಕಾಲುಬಾಯಿ ಜ್ವರ ಕಾಲಿಟ್ಟಿತ್ತು. ಅಷ್ಟರಲ್ಲಿ ಫಾರಂ ಜಾರಿಗೂ ಬಂದಿದ್ದರಿಂದ, ಅದರಲ್ಲಿ ಹೆಸರು ಬೀಳದ ಮಂದೆಗೆ ಲಸಿಕೆ ಹಾಕುವಂತಿಲ್ಲ. ಮೇಲಿನಿಂದ ಉತ್ತರವಿಲ್ಲ. ಹಳೇ ಕಡತದಲ್ಲಿ ಪಾಲಯ್ಯನ ಆಧಾರಿನ ಜೆರಾಕ್ಸೂ ಫೋನ್ ನಂಬರೂ ಇದ್ದವು. ಅವನು ಬೇಡವೆಂದದ್ದನ್ನು ನನ್ನ ಕಿವಿಯಾರೆ ಕೇಳಿಯೂ, ಮಾಲೀಕರ ಜಾಗದಲ್ಲಿ ಅವನ ಹೆಸರೊತ್ತಿ, ಇಡೀ ಮಂದೆಗೆ ಲಸಿಕೆ ಹಾಕಿಸಿಬಿಟ್ಟೆ. "ಏನಂತ ಬರ್ಕೊಂಡ್ರಿ ಡಾಕ್ಟ್ರೆ?" ಎಂದು ಅವನು ಕೇಳಿದಾಗ, "ಎಲ್ಲ ಸರಿಹೋಯ್ತು ಬಿಡಪ್ಪ" ಅಂದೆ. (ನಾನು ಡಾಕ್ಟರಲ್ಲ, ಸೂಜಿ ಹಿಡಿದವರೆಲ್ಲ ಅವನಿಗೆ ಡಾಕ್ಟ್ರೇ.) ಸಾಯಂಕಾಲ ಮನೆಗೆ ಬಂದು, ಪುಣ್ಯದ ಕೆಲಸ ಮಾಡಿದೆ ಎಂದುಕೊಂಡು ಎರಡು ತುತ್ತು ಹೆಚ್ಚೇ ಉಂಡೆ.

ಮೂರನೆಯ ದಿನ ಪಾಲಯ್ಯನ ಫೋನಿಗೆ ಸಂದೇಶ ಬಂತು. ಓದು ಬಾರದ ಅವನು ಅದನ್ನು ಹಟ್ಟಿಯ ಟೀ ಅಂಗಡಿಯವನಿಗೆ ತೋರಿಸಿದ. ಅಂಗಡಿಯವನು ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿದ: ನಿಮ್ಮ ಮಾಲೀಕತ್ವದ ಜಾನುವಾರುಗಳಿಗೆ ಲಸಿಕೆ ಹಾಕಲಾಗಿದೆ.

"ಏನ್ಲೇ ಪಾಲಯ್ಯ, ಸಾವ್ಕಾರ ಆಗ್ಬುಟ್ಟೆ!"

"ಸ್ವಾಮಿ ಆಸ್ತೀನೆಲ್ಲ ಬರೆಸ್ಕೊಂಡವ್ನೆ ಕಣ್ಲಾ, ಇನ್ನ ಸ್ವಾಮೀನೇ ಇವನ ಮನೆಗೆ ಕೂಲಿಗೆ ಬರ್ಬೇಕು!"

ಅವರು ನಗೆಗೆ ಅಂದದ್ದು. ಪಾಲಯ್ಯ ಟೀ ಲೋಟವನ್ನು ತುಂಬಿದ್ದ ಹಾಗೆಯೇ ಕೆಳಗಿಟ್ಟು ಹೋದನಂತೆ. ಕೋಲನ್ನು ರೊಪ್ಪದ ಬೇಲಿಗೆ ಒರಗಿಸಿ, ಒಳಗೆ ಹೋಗದೆ, ಆ ಚಪ್ಪಡಿಕಲ್ಲಿನ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟ. ಸ್ವಾಮಿಯ ದನಕ್ಕೆ ಯಜಮಾನನೆಂದು ಬರೆಸಿಕೊಂಡವನು ಕಿಲಾರಿಯಾಗಿ ಒಳಗೆ ಕಾಲಿಡುವುದು ಹೇಗೆ? ಯಾರೂ ಅವನನ್ನು ತಡೆದಿರಲಿಲ್ಲ, ಅವನೇ ತಡೆದುಕೊಂಡ. ಮಗ ಮಂದೆ ಹೊಡೆದುಕೊಂಡು ಹೋದರೆ ದನಗಳು ತಿರುತಿರುಗಿ ನೋಡುತ್ತಿದ್ದವಂತೆ. ಹಿರಿಯರು ಸೇರಿ, ಬರುವ ಸೋಮವಾರದೊಳಗೆ ಈ ಬರಹ ನೆಟ್ಟಗಾಗದಿದ್ದರೆ ಕೋಲನ್ನು ಬೇರೆ ಮನೆತನಕ್ಕೆ ಕೊಡಬೇಕಾಗುತ್ತದೆ ಎಂದು ಹೇಳಿ ಎದ್ದರು.

ಸಹನಾ ಬೆಂಗಳೂರಿನಿಂದ ವಾಪಸು ಬಂದ ದಿನ ಐಸ್ ಪೆಟ್ಟಿಗೆಯ ಎದುರು ನಿಂತು ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ. ನನ್ನನ್ನು ಕರೆದುಕೊಂಡು ನೇರ ರೊಪ್ಪಕ್ಕೆ ಹೋಗಿ, ಶೂ ಬಿಚ್ಚಿಟ್ಟು, ಪಾಲಯ್ಯನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತಳು. "ತಪ್ಪು ನನ್ನದು ಅಜ್ಜ. ಸುಳ್ಳು ಬರೆಯದೆ ಮುಂದೆ ಹೋಗೋಕೇ ಆಗದಂಥ ಫಾರಂ ಮಾಡಿದವಳು ನಾನು." ನನ್ನ ಹೆಸರೆತ್ತಲಿಲ್ಲ. ಬೂಟಿನೊಳಗೆ ನನ್ನ ಕಾಲ್ಬೆರಳುಗಳು ಮುದುಡಿಕೊಂಡವು. "ಅಳ್ಸಾಕೆ ಬರಲ್ವಾ?" ಎಂದ ಪಾಲಯ್ಯ. ಅಳಿಸಬಹುದು, ಆದರೆ ದನಗಳಿಗೆ ಹಾಕಿದ ಲಸಿಕೆಯ ದಾಖಲೆಯೂ ಜೊತೆಗೇ ಅಳಿಸಿ ಹೋಗುತ್ತದೆ, ಬೇರೆ ದಾರಿ ಹುಡುಕುತ್ತೇನೆ ಎಂದಳು. ಸೋಮವಾರಕ್ಕೆ ನಾಲ್ಕು ದಿನ ಉಳಿದಿತ್ತು.

ಜೀಪಿನಲ್ಲಿ ವಾಪಸು ಹೊರಟೆವು. ಕುದಾಪುರದ ಕಡೆಯ ವಿಜ್ಞಾನ ಸಂಸ್ಥೆಗಳ ಉದ್ದನೆಯ ಕಾಂಪೌಂಡು ಗೋಡೆ ಮುಗಿಯುವುದೇ ಇಲ್ಲವೇನೋ ಎಂಬಂತೆ ಪಕ್ಕದಲ್ಲೇ ಓಡಿಬರುತ್ತಿತ್ತು. ಆಗ ನನಗೆ ಕೊಂಡ್ಲಹಳ್ಳಿಯ ನಮ್ಮಜ್ಜಿ ನೆನಪಾದಳು. ನನ್ನ ಬಾಯಲ್ಲಿ ಒಂದಿಷ್ಟು ಒಳ್ಳೆಯ ಕನ್ನಡ ಇದ್ದರೆ ಅದು ಅವಳು ಇಟ್ಟುಹೋದದ್ದು. ಹಸು ಯಾರದು ಎಂದು ದಾರಿಹೋಕರು ಕೇಳಿದರೆ ಅವಳು ನಮ್ಮದು ಎನ್ನುತ್ತಿರಲಿಲ್ಲ. "ನಮ್ಮ ಮನ್ಯಾಗೈತೆ" ಎನ್ನುತ್ತಿದ್ದಳು. ನಮ್ಮ ಮನೆ ಪಕ್ಕದಲ್ಲಿ ದೇವಸ್ಥಾನದ ಹೊಲವಿತ್ತು, ಅಜ್ಜ ಅದನ್ನು ಉಳುತ್ತಿದ್ದ. ಅಜ್ಜಿಯನ್ನು ನೆನೆಯುತ್ತ ಹೊಲ ನೆನಪಾಯಿತು, ಹೊಲದ ಹಿಂದೆ ಅದರ ಪಹಣಿ ನೆನಪಾಯಿತು. ಆ ಪಹಣಿಯಲ್ಲಿ ಎರಡು ಕಾಲಂ! ಸ್ವಾಧೀನದಾರರ, ಅಂದರೆ ಒಡೆಯರ, ಹೆಸರಿನಲ್ಲಿ ದೇವರು. ಸಾಗುವಳಿ ಮಾಡುವವರ ಹೆಸರಿನಲ್ಲಿ ನಮ್ಮಜ್ಜ.

ಮಾರನೆಯ ಬೆಳಗ್ಗೆ ಹಳೇ ಟ್ರಂಕಿನಿಂದ ಆ ಪಹಣಿಯನ್ನು ತೆಗೆದುಕೊಂಡು ಹೋಗಿ ಸಹನಾಳ ಮುಂದೆ ಹರಡಿದೆ. ಆಕೆ ಅದನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಮಡಿಕೆಗಳಲ್ಲಿ ಹರಿದಿದ್ದ ಕಾಗದದ ಮೇಲೆ ಬೆರಳಿಟ್ಟು, "ಸರ್, ಇದನ್ನ ಬರೆದವರು ನಮಗಿಂತ ಬುದ್ಧಿವಂತರು" ಅಂದಳು. ಎರಡು ದಿನ ಫೋನಿನಲ್ಲಿ ಮೇಲಿನವರೊಂದಿಗೆ ವಾದ. ಒಂದು ತಾಲ್ಲೂಕಿಗಾಗಿ ಫಾರಂ ಬದಲಿಸುವುದೇ ಎಂದು ಅವರು. ಒಂದು ತಾಲ್ಲೂಕು ಸುಳ್ಳು ಬರೆಯಬೇಕೇ ಎಂದು ಈಕೆ. ನಡುವೆ ಯಾರೋ ಲಸಿಕೆಗೆ ಬಂದರೆ ಫೋನು ಕಿವಿಗಿಟ್ಟುಕೊಂಡೇ ಎದ್ದು ಪೆಟ್ಟಿಗೆ ತೆರೆದುಕೊಡುವಳು. ಶನಿವಾರ ಒಪ್ಪಿಗೆ ಬಂತು. ಗುಮಾಸ್ತರು ಎದ್ದು ತಮ್ಮ ಕುರ್ಚಿಯನ್ನು ಆಕೆಯ ಕಡೆ ಸರಿಸಿದರು. ಹಾಗೆ ಸರಿಸಬೇಕಾಗಿದ್ದವನು ನಾನು.

ಸೋಮವಾರ ಬೇವಿನ ಮರದ ಕೆಳಗೆ ಹಿರಿಯರೆಲ್ಲ ಕೂತಿದ್ದರು. ಸಹನಾ ಮೊಬೈಲು ಹಿಡಿದು ಓದಿದಳು: "ಮಾಲೀಕರು, ಸ್ವಾಮಿ. ನೋಡಿಕೊಳ್ಳುವವರು, ಕಿಲಾರಿ ಪಾಲಯ್ಯ."

"ಇನ್ನೊಂದ್ಸಲ ಓದವ್ವ," ಎಂದ ಪಾಲಯ್ಯ.

ಮೂರು ಸಲ ಓದಿಸಿದ. ಆಗ ನಾನು ಎದ್ದು ನಿಂತು, ಮೊದಲು ತಪ್ಪಾಗಿ ಬರೆದವನು ನಾನು, ಈ ಹುಡುಗಿಯಲ್ಲ ಎಂದೆ. ಪಾಲಯ್ಯ ನನ್ನ ಕಡೆ ನೋಡಿ, "ಗೊತ್ತೈತೆ ಡಾಕ್ಟ್ರೆ. ನಿಮ್ಮ ಮುಖದಾಗೇ ಬರ್ದಿತ್ತು. ನೀವಾಗೇ ಅಂತೀರೇನೋ ಅಂತ ಕಾಯ್ತಿದ್ದೆ" ಅಂದ. ಹಿರಿಯರಲ್ಲಿ ಒಬ್ಬರು ಕೋಲು ತಂದು ಅವನ ಕೈಗಿತ್ತರು. ಅವನು ರೊಪ್ಪದೊಳಕ್ಕೆ ಹೋದ ಮೇಲೆ ಕೇಳಿಬಂದ ಆ ದನಗಳ ಕೂಗನ್ನು ಬರೆಯುವಷ್ಟು ಕನ್ನಡ ಅಜ್ಜಿ ನನಗೆ ಕಲಿಸಲಿಲ್ಲ.

ಸ್ನೇಹಿತರೇ, ಒಂದು ವರ್ಷಕ್ಕೆಂದು ಬಂದವರು ಏನು ತಾನೆ ಮಾಡಿಯಾರು ಎಂದು ನಾನೂ ಅಂದುಕೊಂಡಿದ್ದವನೇ. ಈಗ ತೋರುತ್ತದೆ, ಒಂದೇ ವರ್ಷ ಎಂಬುದೇ ಆಕೆಯ ಬಲವಾಗಿತ್ತು. ಇದು ತನ್ನದಲ್ಲ, ತನ್ನ ಕೈಯಲ್ಲಿ ಒಂದಷ್ಟು ದಿನ ಇರುತ್ತದೆ ಎಂದು ತಿಳಿದವರ ಕೈ ಹಗುರವಾಗಿರುತ್ತದೆ. ಕರುವಿನ ಬೆನ್ನ ಮೇಲೆ ಪಾಲಯ್ಯನ ಕೈ ಇದ್ದ ಹಾಗೆ. ಕುರ್ಚಿಗೆ ಹೆಸರು ಬರೆಸಿಕೊಂಡ ನಾನು ಆ ಕಚೇರಿಯ ಮಾಲೀಕನಂತೆ ಮೂವತ್ತು ವರ್ಷ ಕೂತಿದ್ದೆ. ಪೆಟ್ಟಿಗೆಯ ಮೇಲೆ ಕೂತವಳು ಅದನ್ನು ನೋಡಿಕೊಂಡಳು. ಇಂಥವರನ್ನು ಕಳಿಸಬೇಕೆಂದು ಎಲ್ಲೋ ಯಾರೋ ಯೋಚಿಸಿದರಲ್ಲ, ಆ ಕಾಣದ ಪುಣ್ಯಾತ್ಮರಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ.

ವರ್ಷ ತುಂಬಿ ಹೊರಡುವ ದಿನ ಸಹನಾ ರೊಪ್ಪಕ್ಕೆ ಹೋದಳು. ಪಾಲಯ್ಯ ಉಡಿದಾರದಿಂದ ಚಿಮಟ ಬಿಚ್ಚಿ ಆಕೆಯ ಅಂಗೈಯಲ್ಲಿಟ್ಟ. "ನಿನ್ಗೆ ಅಂತ ಅಲ್ಲವ್ವ. ನಿನ್ ಕೈಯಾಗಿರ್ಲಿ ಅಂತ."

ಅದಾದ ಮೇಲೆ ನನಗೂ ನಿವೃತ್ತಿಯಾಯಿತು. ಕೊನೆಯ ದಿನ ಕುರ್ಚಿಯ ಬೆನ್ನಿನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಅರ್ಧ ದಿನ ಹಿಡಿಯಿತು.

ಕೆಲವು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ನಲವತ್ತು ದಾಟಿದ, ತಲೆ ಅರ್ಧ ನರೆತವರೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಹೆಸರು ಫಯಾಜ್, ಖಾಸಗಿ ಕಂಪನಿಯವರು, ಈ ವರ್ಷದ ಫೆಲೋ. ರೊಪ್ಪಕ್ಕೆ ದಾರಿ ತೋರಿಸುತ್ತೀರಾ ಎಂದು ಕೇಳಿದರು. ಇಬ್ಬರೂ ಹೋದೆವು. ಯಾರೂ ಹೇಳದೆಯೇ ಅವರು ಶೂ ಬಿಚ್ಚಿ ಚಪ್ಪಡಿಕಲ್ಲಿನ ಮೇಲಿಟ್ಟರು. ನಾನೂ ಬಗ್ಗಿ ಲಾಡಿ ಬಿಚ್ಚಿ, ಅವುಗಳ ಪಕ್ಕದಲ್ಲಿ ನನ್ನ ಬೂಟುಗಳನ್ನಿಟ್ಟು, ಮೊದಲ ಸಲ ಒಳಗೆ ನಡೆದೆ. ಮುಳ್ಳು ಚುಚ್ಚಿದ್ದು ಅವರಿಗಲ್ಲ, ನನಗೆ.

"ಏನ್ ಡಾಕ್ಟ್ರೆ, ಒಳಗೆ ಬರಾಕೆ ಮೂವತ್ ವರ್ಷ ಬೇಕಾತಾ?" ಎಂದು ದನಗಳ ನಡುವಿನಿಂದ ಪಾಲಯ್ಯ ಕೂಗಿದ.

ಫಯಾಜ್ ಕುಕ್ಕರಿಸಿ, ನನ್ನ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದರು. ಒಳಗೆ ಆ ಕಬ್ಬಿಣದ ಚಿಮಟವಿತ್ತು.

"ನಗಿ ಸರ್," ಎಂದರು. "ನಕ್ಕರೆ ಕಾಲು ಸಡಿಲಾಗುತ್ತಂತೆ. ಸಹನಾ ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ."

ನಾನು ನಕ್ಕೆ. ಮುಳ್ಳು ಬಂತು.