ಲೈನಿನಿಂದ ಲೈನಿಗೆ ಗ್ರಾಮಸಭೆ ಮುಟ್ಟಿಸುವ ತಿಮ್ಮಮ್ಮ

ಬೆಳಗಿನ ಆರು ಗಂಟೆ. ಮಂಜು ಇನ್ನೂ ಸಿಲ್ವರ್ ಮರಗಳ ಬುಡ ಬಿಟ್ಟಿಲ್ಲ. ಸಂಸೆಯಿಂದ ಐದಾರು ಮೈಲಿ ಒಳಗಿರುವ ಹೊಳೆಕೂಡು ಗ್ರಾಮ ಪಂಚಾಯ್ತಿಯ ಅಟೆಂಡರ್ ತಿಮ್ಮಮ್ಮ, ಕಾಫಿ ತೋಟದ ಕೂಲಿಯವರ ಸಾಲುಮನೆಗಳಾದ ಲೈನಿನಲ್ಲಿ ಒಂದೊಂದೇ ಮನೆಯ ಬಾಗಿಲು ಬಡಿಯುತ್ತಿದ್ದಾರೆ. ತಲೆಗೆ ಮಫ್ಲರ್, ಕಂಕುಳಲ್ಲಿ ನೋಟಿಸಿನ ಕಟ್ಟು. ಓದಲು ಬಾರದ ಅವರಿಗೆ ನೋಟಿಸು ಪೂರ್ತಿ ಬಾಯಿಪಾಠ.

"ರಂಗಮ್ಮ, ಎದ್ದಿಯಾ? ಎಂಟೂವರೆಗೆ ಗ್ರಾಮಸಭೆ. ಸಂಕದ ವಿಷಯ ಉಂಟು, ತಪ್ಪಿಸ್ಬೇಡ."

"ಸಂತೆಗೆ ಹೋಗ್ಬೇಕಲ್ಲ ತಿಮ್ಮಕ್ಕ," ಎನ್ನುತ್ತದೆ ಒಳಗಿನ ನಿದ್ದೆಗಣ್ಣಿನ ದನಿ.

"ಜೀಪೇ ಹೊರಡೂದಿಲ್ಲ ಮಾರಾಯ್ತಿ. ಜಾಹಿದ್ ಹತ್ರ ಮಾತಾಡಿಯಾಗಿದೆ. ಸಭೆ ಮುಗಿಯದೆ ಅವನು ಕೀಲಿ ತಿರುಗಿಸೂದಿಲ್ಲ."

ಹೊಳೆಕೂಡಿನಿಂದ ಸಂತೆಗೆ ಹೋಗುವುದು ಜಾಹಿದ್‌ನ ಜೀಪೊಂದೇ. ಅದನ್ನು ತಡೆದರೆ ಸಭೆ ತಾನಾಗಿ ತುಂಬುತ್ತದೆ ಎಂಬುದು ಕುರ್ಚಿ ಮೇಲೆ ಕೂತವರಿಗೆ ಹೊಳೆದಿರಲಿಲ್ಲ, ಲೈನಿನಲ್ಲೇ ಬೆಳೆದ ಈ ಹೆಂಗಸಿಗೆ ಹೊಳೆಯಿತು.

ಕಳೆದ ವರ್ಷ, ಅಂದರೆ ೨೦೦೧ರಲ್ಲಿ, ಪಂಚಾಯ್ತಿಯವರು ಸಭೆ ಇಟ್ಟದ್ದು ಹಣ್ಣು ಕೊಯ್ಲಿನ ನಡುವೆ, ಕೆಲಸದ ದಿನ ಹನ್ನೊಂದು ಗಂಟೆಗೆ. ಕೂಲಿಯವರೆಲ್ಲ ಆಗ ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದ ಬುಡದಲ್ಲಿದ್ದರು. ನೂರು ಮತದಾರರಾದರೂ ಇರಬೇಕಾದ ಸಭೆಗೆ ಬಂದವರು ಮೂವತ್ತೇಳು. ಸಭೆ ನಡೆಯಲಿಲ್ಲ, ಸಂಕದ ಮಾತು ಅಲ್ಲಿಗೇ ನಿಂತಿತು. ಹೊಳೆ ದಾಟಲು ಇದ್ದ ಅಡಿಕೆ ಮರದ ಹಳೆಯ ಕಾಲುಸಂಕ ಕೊಚ್ಚಿಹೋಗಿ ಎರಡು ಮಳೆಗಾಲ ಕಳೆದಿದೆ. ಹೊಳೆ ತುಂಬಿದ ಮೇಲೆ ಈಚೆ ದಡದ ಇಪ್ಪತ್ತಾರು ಮಕ್ಕಳು ತಿಂಗಳುಗಟ್ಟಲೆ ಶಾಲೆಯ ಮುಖ ನೋಡುವುದಿಲ್ಲ. ರಂಗಮ್ಮನ ಮಗಳೂ ಅವರಲ್ಲೊಬ್ಬಳು.

"ಈ ಮಳೆಗೂ ಸಂಕ ಆಗದಿದ್ರೆ ದೊಡ್ಡ ಮಕ್ಕಳು ಸೀದಾ ತೋಟದ ಕೆಲಸಕ್ಕೇ," ಎನ್ನುತ್ತಾರೆ ತಿಮ್ಮಮ್ಮ. "ಹಾಗಾಗಿ ತೋಟಕ್ಕೆ ರಜೆ ಇರುವ ಸಂತೆ ದಿನವೇ ಸಭೆ ಇಡಿ ಅಂತ ಸೆಕ್ರೆಟ್ರಿ ಸಾಹೇಬ್ರ ಬೆನ್ನು ಹತ್ತಿದೆ."

ತಿಮ್ಮಮ್ಮನಿಗೀಗ ನಲವತ್ತೆಂಟು. ಹೊಸ ಕಾಯ್ದೆಯ ಮೊದಲ ಪಂಚಾಯ್ತಿ ಶುರುವಾದಾಗ, ೧೯೯೪ರಲ್ಲಿ, ಹಣ್ಣು ಕೊಯ್ಯುವುದು ಬಿಟ್ಟು ಕಚೇರಿಯ ಪೊರಕೆ ಹಿಡಿದರು. ಹನ್ನೊಂದು ಲೈನು ಸುತ್ತಲು ಹದಿನಾಲ್ಕು ಕಿಲೋಮೀಟರು. ವಾರಕ್ಕೆರಡು ಸಲ ಸಂಸೆಯಿಂದ ಮೊದಲ ಬಸ್ಸಿಗೆ ಮೂಡಿಗೆರೆಯ ತಾಲೂಕು ಪಂಚಾಯ್ತಿಗೆ ಟಪಾಲು, ತಿಂಗಳಿಗೊಮ್ಮೆ ಚಿಕ್ಕಮಗಳೂರಿನ ಜಿಲ್ಲಾ ಪಂಚಾಯ್ತಿಗೆ.

ಶುರುವಿನಲ್ಲಿ ಅವರೂ ಎಡವಿದ್ದುಂಟು. ಅರಣ್ಯ ಕಚೇರಿಗೆ ಕೊಡಬೇಕಾದ ಅರ್ಜಿಯನ್ನು ತಾಲೂಕು ಪಂಚಾಯ್ತಿಗೆ ಕೊಟ್ಟು ಬಂದರು, ಅದು ಏಳು ತಿಂಗಳು ಅಲ್ಲೇ ಧೂಳು ತಿಂದಿತು. ಆಮೇಲೆ ಹಟ ಹಿಡಿದು, ಯಾವ ಕೆಲಸ ಯಾರ ಕೈಯಲ್ಲಿದೆ ಎಂದು ಕಂಡಕಂಡವರನ್ನು ಕೇಳಿ ಕಲಿತರು. ಈಗ ಅವರನ್ನು ಕೇಳಿ ನೋಡಬೇಕು. ನಲ್ಲಿ, ಚರಂಡಿ, ಬೀದಿದೀಪ ನಮ್ಮ ಪಂಚಾಯ್ತಿಯದು. ಕರೆಂಟಿನ ಕಂಬ ಬೆಂಗಳೂರಿನ ಸರ್ಕಾರದ್ದು. ಅಂಚೆ ಮತ್ತು ಕಾಫಿ ಬೋರ್ಡು ದೆಹಲಿಯದು. ಕಾಡು ನೋಡಿಕೊಳ್ಳುವುದು ಬೆಂಗಳೂರು, ಅದರ ದೊಡ್ಡ ಕಾಯ್ದೆ ದೆಹಲಿಯದು. ಅಕ್ಷರ ಬಾರದ ಬಾಯಲ್ಲಿ ಒಂದು ದೇಶದ ಆಡಳಿತ ಇಷ್ಟು ಸಲೀಸಾಗಿ ಬಿಡಿಸಿಕೊಳ್ಳುವುದನ್ನು ಕೇಳಿದರೆ ಯಾರಿಗಾದರೂ ಬೆರಗಾಗುತ್ತದೆ.

"ದೆಹಲಿಯವರು ದೊಡ್ಡವರು, ನಿಜ," ಎನ್ನುತ್ತಾರೆ. "ಆದ್ರೆ ನಮ್ಮ ಹೊಳೆ ಅಲ್ಲಿಗೆ ಕಾಣ್ತದಾ? ನಾವು ಕೂತು ಹೇಳ್ಬೇಕು. ಆಮೇಲೆ ಅವರು ಮಾಡ್ಬೇಕು."

ಎಂಟೂವರೆಗೆ ಪಂಚಾಯ್ತಿ ಅಂಗಳದಲ್ಲಿ ನೂರ ಮೂವತ್ತೊಂದು ಮತದಾರರು. ಜಾಹಿದ್ ಜೀಪಿನ ಬಾನೆಟ್ ಮೇಲೆ ಕೂತು ಕಾಲಾಡಿಸುತ್ತಿದ್ದಾನೆ. ಆದರೆ ಒಂದು ತೊಡಕಿದೆ. ಈ ವರ್ಷ ಮೇಲಕ್ಕೆ ಕಳಿಸಲು ಅವಕಾಶವಿರುವುದು ಒಂದೇ ಕಾಮಗಾರಿಗೆ. ತೋಟದ ಮಾಲೀಕ ಚಂದ್ರಶೇಖರ ಅವರಿಗೆ ತಮ್ಮ ಕಾಫಿ ಕಣದ ಕಡೆಗಿನ ರಸ್ತೆ ಆಗಬೇಕು. ಅವರು ಕೆಟ್ಟವರಲ್ಲ. ಲೈನಿನಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಅವರ ಕಾರೇ ಆಸ್ಪತ್ರೆಗೆ ಓಡುವುದು. ಅಂಥವರು ಮುಂದಿನ ಕುರ್ಚಿಯಲ್ಲಿ ಕೂತಿರುವಾಗ ಅವರ ಎದುರೇ ಕೈ ಎತ್ತುವುದು ಹೇಗೆ?

"ಸಂಕ ಬೇಕು ಅನ್ನುವವರು ಕೈ ಎತ್ತಿ," ಎನ್ನುತ್ತಾರೆ ಅಧ್ಯಕ್ಷೆ ವಿಮಲಮ್ಮ.

ಒಂದು ಕೈಯೂ ಏಳುವುದಿಲ್ಲ. ರಂಗಮ್ಮ ಸೆರಗಿನ ಅಂಚು ತಿರುವುತ್ತ ನೆಲ ನೋಡುತ್ತಿದ್ದಾಳೆ. ಕಚೇರಿಯ ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತ ತಿಮ್ಮಮ್ಮ ಒಂದು ಗಳಿಗೆ ಕಾಯುತ್ತಾರೆ. ಆಮೇಲೆ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತಮ್ಮ ಕೈ ಎತ್ತುತ್ತಾರೆ.

"ನೀನು ಪಂಚಾಯ್ತಿ ಕೆಲಸದವಳಲ್ವಾ ತಿಮ್ಮಮ್ಮ?" ಎನ್ನುತ್ತಾರೆ ವಿಮಲಮ್ಮ.

"ಹೌದಮ್ಮ. ಆದ್ರೆ ಈ ಊರಲ್ಲಿ ನಂಗೂ ವೋಟು ಉಂಟಲ್ಲ."

ಸೆಕ್ರೆಟರಿ ಮತದಾರರ ಪಟ್ಟಿ ತಿರುವಿ, ಹೌದೆಂದು ತಲೆಯಾಡಿಸುತ್ತಾರೆ. ರಂಗಮ್ಮನ ಕೈ ಮೆಲ್ಲಗೆ ಮೇಲೇಳುತ್ತದೆ. ಅವಳ ಹಿಂದಿನ ಸಾಲು, ಅದರ ಹಿಂದಿನ ಸಾಲು, ಕಾಫಿ ಹಣ್ಣಿನ ಕಲೆ ಹೋಗದ ಕೈಗಳು. ಎಣಿಸಿದರೆ ನೂರ ಹದಿನೆಂಟು. ತೋಟದ ಹಾಜರಿಗೆ ಹೆಸರು ಕೂಗಿದಾಗ ಮಾತ್ರ ಕೈ ಎತ್ತಿ ಗೊತ್ತಿದ್ದ ಜನ ಇವರು. ಇವರ ಈ ನಿರ್ಣಯವಿಲ್ಲದೆ ಮೇಲಿನ ಕಚೇರಿಗಳಲ್ಲಿ ಸಂಕದ ಕಡತವೇ ಹುಟ್ಟುವಂತಿಲ್ಲ.

ಚಂದ್ರಶೇಖರ ಹಿಂತಿರುಗಿ ಎಲ್ಲರನ್ನೂ ಒಮ್ಮೆ ನೋಡುತ್ತಾರೆ. "ಆಗ್ಲಿ, ಸಂಕವೇ ಆಗ್ಲಿ. ರಸ್ತೆ ಬರುವ ವರ್ಷ ನೋಡುವ."

ಜೀಪು ಹೊರಟ ಮೇಲೆ ತಿಮ್ಮಮ್ಮ ಹಿತ್ತಲಲ್ಲಿ ಕೂತು ಚಹಾದ ಲೋಟ ತೊಳೆಯುತ್ತಿದ್ದಾರೆ. ಬಲಗೈ ಹೆಬ್ಬೆರಳಿಗೆ ಮಾತ್ರ ನೀರು ತಾಗಿಸುತ್ತಿಲ್ಲ. ಯಾಕೆಂದು ಕೇಳಿದರೆ ನಾಚುತ್ತಾರೆ.

"ಎಂಟು ವರ್ಷದಿಂದ ಊರವರ ಹೆಬ್ಬೆಟ್ಟಿಗೆಲ್ಲ ಶಾಯಿ ಪ್ಯಾಡು ಹಿಡಿದವಳು ನಾನು. ಇವತ್ತು ಸಂಕದ ನಿರ್ಣಯಕ್ಕೆ ನಂಗೆ ಸೆಕ್ರೆಟ್ರಿ ಸಾಹೇಬ್ರು ಹಿಡಿದ್ರು."