ಕಾಣೆಯಾದ ಮೂವತ್ತೊಂದನೇ ನಂಬರ್ ಮನೆ

ಸ್ನೇಹಿತರೇ, ಇವತ್ತು ನಮ್ಮ ಕ್ರಾಸಿನಲ್ಲಿ ಮೂವತ್ತೊಂದನೇ ನಂಬರಿನ ಮನೆಯೇ ಕಾಣೆಯಾಗಿತ್ತು.

ಬೆಳಗ್ಗೆ ಗ್ಯಾಸಿನವನು ಸಿಲಿಂಡರ್ ಹೊತ್ತುಕೊಂಡು ನಮ್ಮ ಮಹಡಿ ಹತ್ತಿ ಬಂದ. "ನಾವು ಬುಕ್ಕೇ ಮಾಡಿಲ್ವಲ್ಲಪ್ಪಾ" ಎಂದೆ.

"ಮೂವತ್ತೊಂದು ಎಲ್ಲೂ ಕಾಣ್ತಿಲ್ಲ ಸಾರ್. ಪಕ್ಕದ ಗೇಟ್ ಮೇಲೆ ಒನ್ ಎಫ್ ಅಂತ ಹಾಕವ್ರೆ, ಅಲ್ಲಿ ನೋಡಿದ್ರೆ ಮಹಡಿನೇ ಇಲ್ಲ. ಫಸ್ಟ್ ಫ್ಲೋರ್ ಅಂದ್ರೆ ಇದೇ ತಾನೆ?"

ಆ ಪಕ್ಕದ ಮನೆಯೇ ಮೂವತ್ತೊಂದು ಎಂದು ನಾನು ಹೇಳುವುದರೊಳಗೆ ಅವನು ಬೈದುಕೊಂಡು, ಸಿಲಿಂಡರ್ ಸಮೇತ ಇಳಿದು ಹೋದ.

ಅದು ಇಂಜಿನಿಯರ್ ಮುರಳಿಯ ಮನೆ. ಹೋಗಿ ನೋಡಿದರೆ ಪೂಜೆಗೆ ಬಂದ ನೆಂಟರು ಹಸಿದು ಕೂತಿದ್ದರು; ಬಿಸಿಬೇಳೆಬಾತು ಅರ್ಧ ಬೆಂದು ಒಲೆ ಆರಿತ್ತು. ಗೇಟಿನ ಬೋರ್ಡಿನ ಬಗ್ಗೆ ಕೇಳಿದೆ. ಆಸಾಮಿ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡು ಕುಟ್ಟಿ, 31 ಕೊಟ್ಟ. 1F ಎಂದು ಉತ್ತರ ಬಂತು.

"ನೋಡಿ ಸಾರ್, ನೀವು ಎಣಿಸೋದು ಹತ್ತರ ಲೆಕ್ಕ, ಇದು ಕಂಪ್ಯೂಟರಿನ ಹದಿನಾರರ ಲೆಕ್ಕ. ಒಂದು ಹದಿನಾರು, ಮೇಲೆ ಹದಿನೈದು; ಆ ಹದಿನೈದನ್ನ ಎಫ್ ಅಂತ ಬರೀತಾರೆ. ನಂಬರ್ ಅದೇ. ಜನಕ್ಕೆ ಇಷ್ಟೂ ಗೊತ್ತಾಗಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಹೌದು ಸ್ವಾಮಿ, ಗ್ಯಾಸಿನವರು ಇನ್ನು ಮೇಲೆ ಹದಿನಾರರ ಮಗ್ಗಿ ಒಪ್ಪಿಸಿಯೇ ಸಿಲಿಂಡರ್ ಇಳಿಸಬೇಕು.

ಒಳಗಿನಿಂದ ಅವನ ಹೆಂಡತಿ, "ರೀ, ಬಾತು ಆ ಕಮಾಂಡಲ್ಲೇ ಬೇಯತ್ತಾ ಕೇಳಿ!" ಎಂದಳು.

ಮುರಳಿ ಗಾಬರಿಯಿಂದ ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿದ. "ಮೂವತ್ತೊಂದು ಸಾರ್, ಥರ್ಟಿ ಒನ್. ಗೇಟ್ ಮೇಲೆ ಬರ್ದಿರೋದನ್ನ ಮಾತ್ರ ಓದ್ಬೇಡಿ ಅಂತ ಹೇಳಿ!"

ಯಾರೂ ಓದಬಾರದ ಬೋರ್ಡು ಇಡೀ ಮಲ್ಲೇಶ್ವರದಲ್ಲಿ ಇದೊಂದೇ ಇರಬೇಕು. ಅದೂ ಹಿತ್ತಾಳೆಯದು.